ಫೋಟೋದೊಳಗಿನ ರವೆ

"ಹೆಸರು ನಾನು ಹೇಳಲ್ಲ ಹೇಮಕ್ಕ. ಮುಖ ಬರ್ಲಿ, ಅಷ್ಟು ಸಾಕು," ಎನ್ನುತ್ತ ನಟರಾಜ್ ಮೊಬೈಲನ್ನು ಕೌಂಟರಿನ ಗಾಜಿನ ಮೇಲೆ ಅಂಗಾತ ಇಟ್ಟ. "ಇದ್ರ ಮೇಲಿರೋ ರವೆ ಒಂದು ತೆಗ್ದು ಕೊಡಿ. ಮುಂದಿಂದು ನಾನು ನೋಡ್ಕಳ್ತೀನಿ."

ಹೇಮಾವತಿ ಬಗ್ಗಿ ನೋಡಿದಳು. ಕಪ್ಪು ಬಿಳುಪು ಚಿತ್ರ. ಕತ್ತಲ ಹೊತ್ತಿನದು. ತುಂಬ ಸಣ್ಣ ಸಣ್ಣ ಕಾಳು. ಆ ಕಾಳುಗಳ ನಡುವೆ ತಲೆಯ ಮೇಲೆ ಏನನ್ನೋ ಹೊತ್ತು ಹಳ್ಳದ ದಾರಿಯಲ್ಲಿ ನಿಂತ ಒಬ್ಬ ಮನುಷ್ಯ. ಕಣ್ಣು, ಮೂಗು, ಬಾಯಿ ಒಂದೂ ತಿಳಿಯುವಂತಿರಲಿಲ್ಲ. ಆದರೂ ಅವಳಿಗೆ ಗುರುತು ಸಿಕ್ಕಿತು. ಎಡಗಾಲು ಒಂದಿಷ್ಟು ಹೊರಕ್ಕೆ ಚಾಚಿ, ಬಲಗೈಯನ್ನು ಹೊರೆಗೆ ಕೊಟ್ಟು, ಎಡಗೈ ಸೊಂಟದ ಮೇಲಿಟ್ಟು ನಿಲ್ಲುವವನು ಅವಳಿಗೆ ಗೊತ್ತಿದ್ದ ಪ್ರಪಂಚದಲ್ಲಿ ಒಬ್ಬನೇ. ಅವಳ ತಮ್ಮ ಶಿವು.

"ಯಾರದು ಅಂತ ಗೊತ್ತಾಗಲ್ಲ ಬಿಡಿ ಇದ್ರಾಗೆ," ಎಂದಳು. ಮಾತು ಬೇಕಾದ್ದಕ್ಕಿಂತ ಬೇಗ ಬಂದುಬಿಟ್ಟಿತು.

"ಗೊತ್ತಾಗಲ್ಲ ಅಂತ್ಲೇ ನಿಮ್ಮ ಹತ್ರ ತಂದಿದ್ದು," ಎಂದು ನಟರಾಜ್ ನಕ್ಕ.

ರವೆ ಎಂಬುದು ಆ ಸ್ಟುಡಿಯೋದಲ್ಲಿ ಹುಟ್ಟಿದ ಮಾತು. ಹೊಸನಗರದ ಬಸ್‌ಸ್ಟ್ಯಾಂಡಿನ ಹಿಂದಿನ ಬೀದಿಯಲ್ಲಿ ಹೇಮಾವತಿಯ ಗಂಡ ಯೋಗರಾಜ್ ಸ್ಟುಡಿಯೋ ಇಟ್ಟ ಹೊಸದರಲ್ಲಿ, ಸೀಮಂತದ ಫೋಟೋ ನೋಡಿದ ಮುದುಕಿಯೊಬ್ಬಳು, "ಎಂತ ಮಾರಾಯ, ಹುಡುಗಿ ಮುಖಕ್ಕೆ ರವೆ ಉದುರ್ಸಿ ಇಟ್ಟೀಯಲ್ಲ" ಎಂದು ಬೈದಿದ್ದಳು. ನಮ್ಮ ಕಡೆಯ ನಡುಮನೆಗಳಲ್ಲಿ ಹಗಲಲ್ಲೂ ಮಬ್ಬು. ಅಲ್ಲಿ ತೆಗೆದ ಫೋಟೋ ಕಾಳು ಕಾಳಾಗದೆ ಮತ್ತೇನಾಗುತ್ತದೆ? ಕ್ಯಾಮೆರಾ ತಿಳಿದವರು ಅದಕ್ಕೆ ನಾಯ್ಸ್ ಎನ್ನುತ್ತಾರೆ. ನಾಯ್ಸ್ ಎಂದರೆ ಗಿರಾಕಿಗಳು, "ಫೋಟೋದಾಗೆ ಎಂತಾ ಶಬ್ದ?" ಎಂದು ಕೇಳುತ್ತಾರೆ. ರವೆ ಎಂದರೆ ಯಾರಿಗೂ ಬಿಡಿಸಿ ಹೇಳಬೇಕಾಗಿಲ್ಲ.

ಈಗ ರವೆ ತೆಗೆಯುವುದಕ್ಕೆ ಒಂದು ಒಳ್ಳೆಯ ಸಾಫ್ಟ್‌ವೇರ್ ಕೊಳ್ಳಬೇಕೆಂದು ಯೋಗರಾಜ್ ಮೂರನ್ನು ಇಳಿಸಿಕೊಂಡಿದ್ದ. ಮೂರೂ ಸ್ವಲ್ಪ ದಿನ ಪುಕ್ಕಟೆ, ಆಮೇಲೆ ದುಡ್ಡು. ತೀರ್ಥಹಳ್ಳಿಯ ಸ್ನೇಹಿತ ಒಂದನ್ನು ಹೊಗಳಿದ್ದ, ಸಾಗರದವನು ಇನ್ನೊಂದನ್ನು. ಯೋಗರಾಜನಿಗೆ ಇಬ್ಬರ ಮೇಲೂ ಗುಮಾನಿ. ಕಮಿಷನ್ ಇಲ್ಲದೆ ಯಾರು ಯಾರನ್ನು ಹೊಗಳುತ್ತಾರೆ? ಮೂರನ್ನೂ ಪರೀಕ್ಷೆ ಮಾಡಿ ಒಂದನ್ನು ಆರಿಸುವ ಕೆಲಸ ಹೇಮಾವತಿಯದು. ಕಂಪ್ಯೂಟರಿನ ಮುಂದೆ ಕೂರುವವಳು ಅವಳೇ. ಅವುಗಳ ಇಂಗ್ಲಿಷ್ ಹೆಸರು ನಾಲಿಗೆಗೆ ಹೊರಳದೆ ಅವಳು ತನ್ನವೇ ಹೆಸರು ಇಟ್ಟುಕೊಂಡಿದ್ದಳು. ಮೊದಲನೆಯದು ಜರಡಿ: ನಿಧಾನಕ್ಕೆ ಸೋಸುತ್ತದೆ, ಒಂದಿಷ್ಟು ಕಾಳು ಉಳಿಸುತ್ತದೆ, ಆದರೆ ಇದ್ದದ್ದನ್ನು ಕೆಡಿಸುವುದಿಲ್ಲ. ಎರಡನೆಯದು ಇಸ್ತ್ರಿ: ಎಲ್ಲವನ್ನೂ ಒತ್ತಿ ನುಣ್ಣಗೆ ಮಾಡಿಬಿಡುತ್ತದೆ, ಅಜ್ಜಿಯ ಮುಖದ ಸುಕ್ಕನ್ನೂ ಸೇರಿಸಿ. ಮೂರನೆಯದು ಗಾರೆ. ಅದು ಇಲ್ಲದ್ದನ್ನು ಮೆತ್ತುತ್ತದೆ. ಮಂಡಗದ್ದೆಯ ಹಕ್ಕಿಯ ಫೋಟೋ ಕೊಟ್ಟರೆ ಹಕ್ಕಿಗೆ ಹೆಂಗಸರ ಹಾಗೆ ಕಣ್ಣರೆಪ್ಪೆ ಹುಟ್ಟಿಸಿತ್ತು. "ಇದನ್ನ ಮಾತ್ರ ನಂಬಬ್ಯಾಡ," ಎಂದು ಗಂಡ ಹೆಂಡತಿ ಇಬ್ಬರೂ ಅವತ್ತು ನಕ್ಕಿದ್ದರು.

ನಟರಾಜ್ ನಿಟ್ಟೂರಿನ ಕಡೆಯವನು, ಗಿರಿಯಪ್ಪಗೌಡರ ಮಗ. ಗೌಡರು ಹೋದಮೇಲೆ ಹಳ್ಳದ ಬದಿಯ ಗದ್ದೆಗೆ ಮಣ್ಣು ಹೊಡೆಸಿ, ಹುಲ್ಲುಹಾಸು ಮಾಡಿ, ಹೋಮ್‌ಸ್ಟೇ ಕಟ್ಟಿದ್ದ. ಕೊಡಚಾದ್ರಿಗೆ ಹೋಗುವವರು ಬಂದು ಉಳಿಯುತ್ತಾರೆ. ಹಳ್ಳಕ್ಕೆ ನೀರು ಕುಡಿಯಲು ಬರುವ ಕಾಟಿ, ಕಡವೆಗಳನ್ನು ತಾನೇ ಫೋಟೋ ಹೊಡೆಯುವ ಒಂದು ಕ್ಯಾಮೆರಾವನ್ನು ಮರಕ್ಕೆ ಕಟ್ಟಿದ್ದ, ಗೆಸ್ಟುಗಳಿಗೆ ತೋರಿಸುವುದಕ್ಕೆ. ಗೇಟಿನಲ್ಲಿ 'ದೇವಿಯ ಕಾವಲಿದೆ' ಎಂಬ ಬೋರ್ಡೂ ಇದೆ. ಬೋರ್ಡು ಇದ್ದೂ ಕ್ಯಾಮೆರಾ ಯಾಕೆ ಎಂದು ಯಾರೂ ಅವನನ್ನು ಕೇಳಿರಲಿಲ್ಲ.

ಕಳುವಾದದ್ದು ಸೌಂಡ್ ಬಾಕ್ಸು. ಗೆಸ್ಟುಗಳು ಕುಣಿಯುವುದಕ್ಕೆ ತಂದಿಟ್ಟ ದೊಡ್ಡ ಚೌಕದ ಬಾಕ್ಸು. ಅದು ಯಾವ ದಿನ ಹೋಯಿತೋ ನಟರಾಜನಿಗೇ ಸರಿಯಾಗಿ ಗೊತ್ತಿರಲಿಲ್ಲ. ಆ ವಾರ ಎರಡು ಗುಂಪು ಬಂದು ಹೋಗಿದ್ದವು. ಕ್ಯಾಮೆರಾದಲ್ಲಿ ಮಾತ್ರ ಈ ಒಂದು ಫೋಟೋ.

"ನಾಳೆ ಬೆಳಿಗ್ಗೆ ಬರ್ತೀನಿ, ಪ್ರಿಂಟ್ ಹಾಕಿಡಿ. ಸ್ಟೇಷನ್‌ಗೆ ಕೊಡ್ಬೇಕು," ಎಂದು ಫೋಟೋವನ್ನು ಅವಳ ವಾಟ್ಸಾಪಿಗೆ ಕಳಿಸಿ ಹೊರಟ. ಮೆಟ್ಟಿಲಿಳಿದವನು ತಿರುಗಿ, "ಶಿವು ಹೆಂಗಿದ್ದಾನೆ? ಎಲ್ಲಾದ್ರೂ ಕೆಲ್ಸ ಸಿಕ್ತಾ?" ಎಂದ. ಉತ್ತರಕ್ಕೆ ನಿಲ್ಲಲಿಲ್ಲ.

ಹೇಮಾವತಿಗೆ ಮೈಯೆಲ್ಲ ಉರಿಯಿತು. ಎಲ್ಲಾ ಗೊತ್ತಿದ್ದೇ ಬಂದಿದ್ದಾನೆ ಈ ಕಳ್ಳ! ಊರಲ್ಲಿ ಬೇರೆ ಸ್ಟುಡಿಯೋ ಇರಲಿಲ್ಲವೇ? ಶಿವು ಅವನ ಹೋಮ್‌ಸ್ಟೇಯಲ್ಲೇ ಕೆಲಸಕ್ಕಿದ್ದ. ಮಳೆಗಾಲ ಮುಗಿಯುವ ಹೊತ್ತಿಗೆ ಜಗಳವಾಗಿ ಬಿಟ್ಟುಬಂದಿದ್ದ. ಜಗಳ ಇದೇ ಬಾಕ್ಸಿನದು. ಪಕ್ಕದ ಮನೆಯಲ್ಲಿ ದನ ಕರು ಹಾಕಲಾರದೆ ಒದ್ದಾಡುತ್ತಿದೆ, ಗಲಾಟೆ ಸಾಕು ಎಂದು ಶಿವು ಬಾಕ್ಸಿನ ವಯರು ಕಿತ್ತಿದ್ದ. ಗೆಸ್ಟುಗಳ ಎದುರಿಗೇ ನಟರಾಜ್ ಬೈದ. ಶಿವು, "ಒಂದಲ್ಲ ಒಂದಿನ ಇದನ್ನ ಹೊಳೆಗೆ ಹಾಕ್ತೀನಿ ನೋಡಿ" ಎಂದು ಹತ್ತು ಜನ ಕೇಳುವ ಹಾಗೆ ಕೂಗಿ ಬಂದ. ಇನ್ನೆಂದೂ ಆ ಕಡೆ ಕಾಲಿಡಬೇಡ ಎಂದು ಹೇಮಾವತಿ ತಮ್ಮನಿಗೆ ತಾಕೀತು ಮಾಡಿದ್ದಳು.

ಅವಳು ತಮ್ಮನಿಗೆ ಫೋನ್ ಹಚ್ಚಿದಳು.

"ಎಲ್ಲಿದ್ದೀಯ?"

"ಮನೇಲಿ. ಎಂತಕ್ಕೆ?"

"ನಟರಾಜನ ಜಾಗದ ಕಡೆ ಹೋಗಿದ್ಯಾ ಇತ್ಲಾಗೆ?"

"ನಾ ಎಂತಕ್ಕೆ ಹೋಗ್ಲಿ ಅವ್ನ ಜಾಗಕ್ಕೆ?" ಎಂದ ಶಿವು.

ಚಿಕ್ಕಂದಿನಿಂದ ಅವನು ಹೀಗೆಯೇ. ಸುಳ್ಳು ಹೇಳಬೇಕಾದಾಗ ಪ್ರಶ್ನೆ ಕೇಳುತ್ತಾನೆ. ಹೇಮಾವತಿ ಫೋನಿಟ್ಟು ಕಂಪ್ಯೂಟರಿಗೆ ಚಿತ್ರ ಇಳಿಸಿದಳು. ಮೊದಲು ಜರಡಿಗೆ ಹಾಕಿದಳು. ನೀಲಿ ಗೆರೆ ನಿಧಾನಕ್ಕೆ ತುಂಬಿ, ಕಾಳು ಕಡಿಮೆಯಾಗಿ, ಕಿವಿ ಕಂಡಿತು. ಕೊಂಚ ಹೊರಚಾಚಿದ ಕಿವಿ, ಅದರ ಕೆಳಗೆ ಅಪ್ಪನದೇ ದವಡೆ. ಇನ್ನು ಅನುಮಾನಕ್ಕೆ ಎಡೆಯೇ ಇರಲಿಲ್ಲ.

ಕದ್ದಿದ್ದಾನೆ. ಕದ್ದು ನನಗೇ ಸುಳ್ಳು ಹೇಳುತ್ತಾನೆ. ಅವಳಿಗೆ ಅಳುವಷ್ಟು ಸಿಟ್ಟು ಬಂತು. ಅಪ್ಪ ಭೂತಪ್ಪ ಗಿರಿಯಪ್ಪಗೌಡರ ಗದ್ದೆಯನ್ನು ಪಾಲಿಗೆ ಮಾಡಿದವನು. ಅವರ ಮನೆಯ ಒಂದು ತೆಂಗಿನ ಹೆಡೆಯನ್ನೂ ಕೇಳದೆ ಮುಟ್ಟಿದವನಲ್ಲ. ಸತ್ತು ಎರಡು ವರ್ಷ ಆಗಿಲ್ಲ, ಮಗ ಹೀಗೆ. ಪೋಲೀಸರು ಮನೆ ಬಾಗಿಲಿಗೆ ಬಂದರೆ ಅವ್ವ ಕನ್ನಮ್ಮ ಉಳಿಯುವುದುಂಟೇ? ಮೊದಲೇ ಕಣ್ಣು ಮಂಜು ಅವಳಿಗೆ, ಧೈರ್ಯವೂ ಕಮ್ಮಿ. ಕಳೆದ ವಾರವಷ್ಟೇ ಅವ್ವ ಫೋನ್ ಮಾಡಿ ಬಾ ಬಾ ಎಂದು ಏನೇನೋ ಹೇಳುತ್ತಿದ್ದಳು. ಆಲ್ಬಮ್ಮಿನ ಅವಸರದಲ್ಲಿ ಹೇಮಾವತಿ ಹೂಂ ಹೂಂ ಎಂದು ಇಟ್ಟುಬಿಟ್ಟಿದ್ದಳು.

ಅವಳು ಜರಡಿಯಿಂದ ಬಂದ ಚಿತ್ರವನ್ನು ಅಳಿಸಿ ಹಾಕಿದಳು. ಇಸ್ತ್ರಿ ತೆರೆದಳು. ಅದರಲ್ಲಿ ಎಷ್ಟು ರವೆ ತೆಗೆಯಬೇಕೆಂದು ಎಳೆಯುವ ಒಂದು ಗುಂಡಿ ಇರುತ್ತದೆ. ಯಾವತ್ತೂ ಅರ್ಧಕ್ಕಿಂತ ಮುಂದೆ ಎಳೆಯದವಳು ಅದನ್ನು ಕಡೆಯವರೆಗೂ ಎಳೆದಳು. ಕಿವಿ ಹೋಯಿತು, ದವಡೆ ಹೋಯಿತು, ಮುಖ ಸುಲಿದ ಬೇಯಿಸಿದ ಮೊಟ್ಟೆಯಾಯಿತು. ಸಾಲದೆಂದು ಇನ್ನೊಮ್ಮೆ ಅದೇ ಚಿತ್ರವನ್ನು ಒತ್ತಿದಳು. ಮುಖವೊಂದನ್ನೇ ನೋಡುತ್ತ ಕೂತಿದ್ದವಳು ತಲೆಯ ಮೇಲಿನ ಹೊರೆ ಏನಾಯಿತೆಂದು ನೋಡಲೇ ಇಲ್ಲ.

ಯೋಗರಾಜ್ ಸಾಗರದ ಗೃಹಪ್ರವೇಶ ಮುಗಿಸಿ ಬಂದವನು ಕ್ಯಾಮೆರಾದ ಬ್ಯಾಗು ಇಳಿಸುತ್ತ ಪರದೆ ನೋಡಿದ.

"ಎಷ್ಟಕ್ಕೆ ಇಟ್ಟಿದ್ದಿ?"

"ಪೂರ್ತಿ."

"ಅಷ್ಟು ಇಸ್ತ್ರಿ ಹೊಡೆದ್ರೆ ಮೂಗೇ ಸುಟ್ಟು ಹೋಗ್ತದೆ ಮಾರಾಯ್ತಿ."

"ಮೊದ್ಲೆಲ್ಲಿತ್ತು ಮೂಗು? ನಿಮ್ಗೊಬ್ರಿಗೆ ಕಂಡಿತ್ತಾ?"

ಗಂಡ ಅವಳ ಮುಖವನ್ನು ಒಂದು ಗಳಿಗೆ ನೋಡಿದ. ಕಂಪ್ಯೂಟರಿನ ಕಸದ ಬುಟ್ಟಿಗೆ ಹಾಕಿದ ಜರಡಿಯ ಚಿತ್ರವೂ ಅವನ ಕಣ್ಣಿಗೆ ಬಿದ್ದಿರಬೇಕು. ಏನೂ ಕೇಳದೆ ಕೈಕಾಲು ತೊಳೆಯಲು ಹೋದ. ಕೇಳದೆ ಹೋದದ್ದೇ ಹೇಮಾವತಿಗೆ ಹೆಚ್ಚು ಚುಚ್ಚಿತು. ಅವಳು ನುಣುಪಾದ ಚಿತ್ರವನ್ನು ನಟರಾಜನಿಗೆ ಕಳಿಸಿ, 'ಇಷ್ಟೇ ಬರುವುದು' ಎಂದು ಬರೆದಳು.

ಬೆಳಿಗ್ಗೆ ಅಂಗಡಿ ಬಾಗಿಲು ತೆಗೆಯುವ ಹೊತ್ತಿಗೇ ನಟರಾಜ್ ಬಂದು ನಿಂತಿದ್ದ. ಮುಖ ಸಿಗಲಿಲ್ಲವೆಂದು ಗೊಣಗುತ್ತಾನೆ ಎಂದುಕೊಂಡಿದ್ದಳು. ಅವನೋ ಹಬ್ಬಕ್ಕೆ ಬಂದವನಂತೆ ಖುಷಿಯಾಗಿದ್ದ.

"ಎಂತಾ ಕೆಲ್ಸ ಮಾಡಿದ್ರಿ ಹೇಮಕ್ಕ! ಮುಖ ಹೋದ್ರೆ ಹೋಗ್ಲಿ. ಬಾಕ್ಸ್ ಬಂತಲ್ಲ!"

"ಯಾವ ಬಾಕ್ಸು?"

"ನೋಡಿ ಇಲ್ಲಿ," ಎಂದು ಫೋನು ಹಿಡಿದ. "ನನ್ನ ಸೌಂಡ್ ಬಾಕ್ಸೇ. ಮೂಲೆ, ಅಂಚು ಎಲ್ಲ ಹಂಗಂಗೇ. ನಿನ್ನೆ ರವೆ ಒಳಗೆ ಏನೋ ಗಂಟು ಅಂತ ಕಾಣ್ತಿತ್ತು. ಇನ್ನು ಹೊತ್ತವನು ಯಾರು ಅಂತ ಮುಖ ಯಾಕೆ ಬೇಕು? ನಿಂತಿದ್ದು ನೋಡಿದ್ರೆ ಸಾಲ್ದಾ?"

ಹೇಮಾವತಿ ನೋಡಿದಳು. ನಿಜವಾಗಿ ಬಾಕ್ಸೇ. ಮನುಷ್ಯನ ತಲೆಯ ಮೇಲೆ ಬೋಳಾದ, ಚೌಕದ, ಅಂಚು ಎದ್ದ ಒಂದು ಡಬ್ಬ ಕೂತಿತ್ತು. ಮುಖ ಅಳಿಸಿ ತಮ್ಮನನ್ನು ಉಳಿಸಿದೆ ಎಂದುಕೊಂಡು ರಾತ್ರಿ ಮಲಗಿದ್ದಳಲ್ಲ, ಕಳುವಿನ ಮಾಲನ್ನು ತಾನೇ ಅವನ ತಲೆಯ ಮೇಲೆ ಎತ್ತಿ ಇಟ್ಟಿದ್ದಳು.

"ನಿಮ್ಮ ಹತ್ರ ಎಂತಕ್ಕೆ ತಂದೆ ಗೊತ್ತಾ?" ನಟರಾಜ್ ದನಿ ತಗ್ಗಿಸಿದ. "ಬೇರೆ ಕಡೆ ಮಾಡಿಸಿದ್ರೆ ನಾಳೆ ನಟರಾಜ ಸುಳ್ಳು ಫೋಟೋ ಮಾಡಿಸ್ದ ಅಂತಾರೆ. ಈಗ ಹೇಳ್ಲಿ ನೋಡಾನ. ಸ್ವಂತ ಅಕ್ಕನೇ ಮಾಡಿಕೊಟ್ಟಿದ್ದು! ಅವ್ನಿಗೂ ಇಲ್ಲಿಗೇ ಬರಕ್ಕೆ ಹೇಳೀನಿ. ನಿಮ್ಮ ಎದುರಿಗೇ ಒಪ್ಕಂಡು ಬಾಕ್ಸ್ ತಂದು ಇಟ್ರೆ ಸ್ಟೇಷನ್ ಎಲ್ಲ ಬ್ಯಾಡ. ಇಲ್ಲಾಂದ್ರೆ ಇಲ್ಲಿಂದ ಸೀದಾ ಅಲ್ಲಿಗೇ."

ಯೋಗರಾಜ್ ಒಳಗಿನಿಂದ ಬಂದು ಬಾಗಿಲಿಗೆ ಒರಗಿ ನಿಂತ. ಹೇಮಾವತಿಗೆ ಏನಾದರೂ ಮಾಡಿ ಹೊತ್ತು ತಳ್ಳಬೇಕಿತ್ತು. "ದೊಡ್ಡ ಪ್ರಿಂಟ್ ಬೇಕಂದ್ರೆ ವಾಟ್ಸಾಪಿಂದು ಆಗಲ್ಲ," ಎಂದಳು. "ಕ್ಯಾಮೆರಾದ ಕಾರ್ಡ್ ಇದ್ಯಾ?"

ನಟರಾಜನ ಕಣ್ಣು ಸಣ್ಣದಾಯಿತು. ಅಂಗಿಯ ಕಿಸೆಯಿಂದ ಕಾಗದದಲ್ಲಿ ಸುತ್ತಿದ ಕಾರ್ಡನ್ನು ತೆಗೆದ, ಆದರೆ ಕೈಗೆ ಕೊಡದೆ ಕೌಂಟರು ಸುತ್ತಿ ಒಳಗೆ ಬಂದು ತಾನೇ ಕಂಪ್ಯೂಟರಿಗೆ ಚುಚ್ಚಿದ. "ನಾನೂ ಇಲ್ಲೇ ನಿಂತು ನೋಡ್ತೀನಿ. ಬೇಜಾರು ಮಾಡ್ಕಬ್ಯಾಡಿ."

"ನೋಡಿ. ಯಾರು ಬ್ಯಾಡ ಅಂದ್ರು?"

ಮೂಲ ಚಿತ್ರ ಪರದೆ ತುಂಬ ತೆರೆದುಕೊಂಡಿತು. ಅವನು ವಾಟ್ಸಾಪಿಗೆ ಹಾಕುವಾಗ ಕತ್ತರಿಸಿದ್ದ ಅಡಿಭಾಗವೂ ಇದರಲ್ಲಿತ್ತು: ಒಂದು ಕರಿಯ ಪಟ್ಟಿ, ಅದರಲ್ಲಿ ತಾರೀಖು, ಹೊತ್ತು, ಎಷ್ಟು ಚಳಿ ಎಂಬ ಅಂಕಿ, ಪಕ್ಕದಲ್ಲಿ ಒಂದು ದುಂಡನೆಯ ಬಿಳಿ ಬಿಲ್ಲೆ.

"ಇದೆಂತದು ಬಿಲ್ಲೆ?"

"ಅದಾ? ಚಂದ್ರ. ಕಾಡುಪ್ರಾಣಿ ಫೋಟೋಕ್ಕೆ ಅಂತ್ಲೇ ಮಾಡಿದ ಕ್ಯಾಮೆರಾ ಅಲ್ವಾ? ಅವತ್ತು ಚಂದ್ರ ಎಷ್ಟಿತ್ತು ಅಂತ ತೋರಿಸ್ತದೆ. ಅಮಾಸೆಗೆ ಕಪ್ಪಾಗ್ತದೆ."

"ಇದು ಪೂರ್ತಿ ಬೆಳ್ಳಗಿದೆ."

"ಹುಣ್ಣಿಮೆ ಇರ್ಬೇಕು ಬಿಡಿ. ಅದು ಕಟ್ಕಂಡು ಈಗೆಂತ?"

ಹುಣ್ಣಿಮೆ. ಫೋನಿನಲ್ಲಿ ಅವ್ವ ಹೇಳುತ್ತಿದ್ದದ್ದು ಈಗ ಕಿವಿಗೆ ಬಂತು. 'ಹುಣ್ಣಿಮೆಗೆ ಬರ್ತೀಯೇನೆ? ಈ ಸಲ ನಾನೇ ಬರ್ದೀನಿ ಬುಟ್ಟಿ. ಕಣ್ಣು ಕಾಣಲ್ಲ, ಹೆಂಗೆಂಗೋ ಬಂದಿದೆ.' ಭೂಮಿ ಹುಣ್ಣಿಮೆ! ಗದ್ದೆಯೇ ಇಲ್ಲದ ಮನೆಗೆ ಸೊಸೆಯಾಗಿ ಬಂದು, ಪೇಟೆಯಲ್ಲಿ ಅಂಗಡಿ ಇಟ್ಟುಕೊಂಡು, ಆ ಹಬ್ಬ ಬಂದದ್ದೂ ಹೋದದ್ದೂ ಅವಳಿಗೆ ತಿಳಿದಿರಲಿಲ್ಲ. ಪೈರು ಹೊಡೆಗಟ್ಟಿ ಭೂಮಿ ಬಸುರಿಯಾಗುವ ಕಾಲ. ಅವಳ ಬಯಕೆ ತೀರಿಸಬೇಕೆಂದು ಮನೆಯ ಹೆಂಗಸರು ರಾತ್ರಿಯಿಡೀ ಸೊಪ್ಪು, ಕಡುಬು ಬೇಯಿಸುತ್ತಾರೆ. ಬೆಳಕು ಹರಿಯುವ ಮೊದಲು ಗಂಡಸರು ಅದನ್ನು ಭೂಮಣ್ಣಿ ಎಂಬ ಚಿತ್ತಾರದ ಬುಟ್ಟಿಯಲ್ಲಿ ಹೊತ್ತುಕೊಂಡು ಹೋಗಿ, ಗದ್ದೆಯ ತುಂಬ ಎರಚಿ ಚರಗ ಬೀರಿ ಬರುತ್ತಾರೆ. ಅಪ್ಪ ಇರುವವರೆಗೂ ಗೌಡರ ಗದ್ದೆಗೆ ಚರಗ ಹೋಗುತ್ತಿದ್ದದ್ದು ಅವರ ಮನೆಯಿಂದಲೇ. ಉಳುವವನೇ ಉಣಿಸಬೇಕೆಂದು ಗೌಡರ ಹಟ.

ಅವಳು ಮೌಸಿನ ಗಾಲಿ ತಿರುಗಿಸಿ ಹೊರೆಯನ್ನು ಹತ್ತಿರ ಎಳೆದಳು. ರವೆ ಜೋಳದ ಕಾಳಿನಷ್ಟಾಯಿತು. ಒಂದಿಷ್ಟು ಹಿಂದೆ ಸರಿದು, ಕಣ್ಣು ಕಿರಿದು ಮಾಡಿ ನೋಡಿದಳು. ರವೆ ಉದುರಿದ ಕಡೆಯಲ್ಲೆಲ್ಲ ಚೆಲ್ಲಾಪಿಲ್ಲಿ. ಹೊರೆಯ ಮೈಮೇಲೆ ಮಾತ್ರ ಚುಕ್ಕಿಗಳು ಸಾಲು ಹಿಡಿದಿದ್ದವು. ಚುಕ್ಕಿಯ ಕೆಳಗೆ ಅಡ್ಡಗೆರೆ, ಗೆರೆಯ ಕೆಳಗೆ ಮತ್ತೆ ಚುಕ್ಕಿ. ಗೆರೆ ಅಲ್ಲಲ್ಲಿ ಡೊಂಕಾಗಿತ್ತು. ಕೆಮ್ಮಣ್ಣು ಬಳಿದ ಬುಟ್ಟಿಯ ಮೇಲೆ ಅಕ್ಕಿಹಿಟ್ಟಿನಲ್ಲಿ ಬರೆದ ಅವ್ವನ ಚಿತ್ತಾರ.

"ಅಯ್ಯೋ ದೇವ್ರೇ," ಎಂದಳು ಹೇಮಾವತಿ. "ಇದು ಬಾಕ್ಸ್ ಅಲ್ಲ ನಟರಾಜ್. ಭೂಮಣ್ಣಿ ಬುಟ್ಟಿ. ನೋಡಿ, ಚುಕ್ಕಿ ನೋಡಿ. ಅವ್ನು ನಿಮ್ಮ ಜಾಗದಿಂದ ಏನೂ ಹೊತ್ಕಂಡು ಹೋಗ್ತಿಲ್ಲ. ಒಳಗೆ ಹೊತ್ಕಂಡು ಬರ್ತಿದ್ದಾನೆ. ಚರಗ ಬೀರಕ್ಕೆ!"

ನಟರಾಜ್ ಬಗ್ಗಿ ನೋಡಿದ, ನೆಟ್ಟಗೆ ನಿಂತ, ಮತ್ತೆ ಬಗ್ಗಿದ. "ಇದು ನಿನ್ನೆ ಇರ್ಲಿಲ್ಲ," ಎಂದ. "ಕಂಪ್ಯೂಟರ್‌ನಾಗೆ ನೀವು ಎಂತ ಬೇಕಾದ್ರೂ ಬಿಡಿಸ್ತೀರಿ. ಇಲ್ಲದ್ದನ್ನ ಮೆತ್ತೋದೂ ಒಂದಿದೆಯಂತೆ."

"ಕಾರ್ಡ್ ನಿಮ್ದು. ಚುಚ್ಚಿದ್ದೂ ನೀವು. ನಾನಿನ್ನೂ ಯಾವ್ದಕ್ಕೂ ಹಾಕೇ ಇಲ್ಲ."

"ಮತ್ತೆ ನೀವು ಕಳ್ಸಿದ ಫೋಟೋದಾಗೆ ಈ ಚುಕ್ಕಿ ಎಲ್ಲಿ ಹೋಗಿತ್ತು?"

"ಅಳಿಸಿದ್ದು ನಾನು."

"ಎಂತಕ್ಕೆ?"

ಅಷ್ಟು ಹೊತ್ತಿಗೆ ಹೊರಗೆ ಬೈಕು ನಿಂತಿತ್ತು. ಶಿವು ಹೆಲ್ಮೆಟ್ಟನ್ನು ಕೈಯಲ್ಲಿ ಹಿಡಿದು ಬಾಗಿಲಲ್ಲಿ ನಿಂತಿದ್ದ. ಒಳಗೆ ಏನು ನಡೆಯುತ್ತಿದೆ ಎಂದು ತಿಳಿಯದೆ ಅಕ್ಕನ ಮುಖ ನೋಡಿದ. ಯೋಗರಾಜ್ ಮುಂದೆ ಬಂದು, "ಅದು ಸಾಫ್ಟ್‌ವೇರ್ ಮಾಡ್ಕಂಡಿದ್ದು ನಟರಾಜ್. ಪುಕ್ಕಟೆದು. ಅದ್ಕೆ ಚುಕ್ಕಿ ಯಾವ್ದು ರವೆ ಯಾವ್ದು ಗೊತ್ತಾಗಲ್ಲ," ಎಂದ.

ಹಾಗೆಂದುಬಿಡಬಹುದಿತ್ತು. ಸಾಫ್ಟ್‌ವೇರಿಗೇನು, ಎದುರು ಮಾತಾಡಲು ಬಾಯಿಯೇ? ಆದರೆ ನಟರಾಜ್ ಆಗಲೇ ಕಾರ್ಡಿಗೆ ಕೈ ಹಾಕಿದ್ದ. ಗಂಡ ಹೆಂಡತಿ ಸೇರಿ ಕಥೆ ಕಟ್ಟುತ್ತಿದ್ದಾರೆ ಎಂಬುದು ಅವನ ಮುಖದ ಮೇಲೆ ಬರೆದ ಹಾಗಿತ್ತು. ಈಗ ಅವನು ಕಾರ್ಡು ಕಿತ್ತುಕೊಂಡು ಮೆಟ್ಟಿಲಿಳಿದರೆ ಆಯಿತು, ಅವಳೇ ಮಾಡಿಕೊಟ್ಟ ಬಾಕ್ಸಿನ ಫೋಟೋ ಸ್ಟೇಷನ್ನಿನ ಮೇಜಿನ ಮೇಲಿರುತ್ತದೆ.

"ಅವ್ರು ಸುಮ್ನೆ ಹೇಳ್ತಾರೆ," ಎಂದಳು ಹೇಮಾವತಿ. ತಮ್ಮನ ಕಡೆ ನೋಡಲಾರದೆ ಪರದೆಯನ್ನೇ ನೋಡುತ್ತ ಹೇಳಿದಳು. "ಬೇಕಂತ್ಲೇ ಅಳಿಸ್ದೆ. ನಿಂತಿದ್ದು ನೋಡಿದ ಕೂಡ್ಲೇ ಇವ್ನೇ ಅಂತ ನಂಗೆ ಗೊತ್ತಾತು. ಇವ್ನೇ ಕದ್ದಾನೆ ಅಂದ್ಕಂಡೆ. ಮುಖ ಸಿಗ್ಬಾರ್ದು ಅಂತ ಇದ್ದಬದ್ದದ್ದೆಲ್ಲ ಒರೆಸಿ ಹಾಕ್ದೆ. ಅದ್ರ ಜೊತೆ ಅವ್ವ ಬರ್ದ ಚಿತ್ತಾರವೂ ಹೋತು."

ಕಾರ್ಡಿನ ಮೇಲಿದ್ದ ನಟರಾಜನ ಕೈ ಅಲ್ಲೇ ನಿಂತಿತು. ಒಡಹುಟ್ಟಿದವನ ಎದುರಿಗೆ ಯಾರೂ ಸುಳ್ಳಿಗೆ ಇಂಥ ಮಾತು ಆಡುವುದಿಲ್ಲ ಎಂಬುದು ಎಂಥ ಗುಮಾನಿಯ ಮನುಷ್ಯನಿಗೂ ತಿಳಿಯುತ್ತದೆ.

"ಎಲ್ಲಿ ಬೀರ್ದೆ?" ಎಂದು ಕೊನೆಗೆ ಶಿವುವನ್ನು ಕೇಳಿದ.

"ಹಳ್ಳದ ಬದಿ ಮೂಲೇಲಿ. ಮಣ್ಣು ಹೊಡೆಸ್ದೆ ಬಿಟ್ಟೀರಲ್ಲ, ಅಷ್ಟಗಲ ಗದ್ದೆ ಇನ್ನೂ ಹಂಗೇ ಇದೆ. ನಿಮ್ಮ ಹುಲ್ಲು ನಾನು ತುಳಿದಿಲ್ಲ."

ನಟರಾಜ್ ಮತ್ತೆ ಪರದೆ ನೋಡಿದ. "ಅಪ್ಪಯ್ಯ ಇದ್ದಾಗ ಭೂತಣ್ಣನೇ ಬೀರ್ತಿದ್ದ," ಎಂದ, ಯಾರಿಗೂ ಅಲ್ಲವೆಂಬಂತೆ. "ಅಪ್ಪಯ್ಯ ಚಳೀಲಿ ಕಂಬಳಿ ಹೊದ್ಕಂಡು ಬದು ಮೇಲೆ ನಿಂತಿರೋರು. ನನ್ನನ್ನೂ ಎಬ್ಬಿಸ್ಕಂಡು ಹೋಗೋರು." ಆಮೇಲೆ ಕಾರ್ಡು ತೆಗೆದು ಕಿಸೆಗೆ ಹಾಕಿಕೊಂಡ. ಫೋನಿನಲ್ಲಿದ್ದ ನುಣುಪಾದ ಚಿತ್ರವನ್ನು ಅವರ ಎದುರಿಗೇ ಅಳಿಸಿದ. ಮೆಟ್ಟಿಲ ಮೇಲೆ ನಿಂತು, "ಆದ್ರೂ ಬಾಕ್ಸ್ ಹೋಗಿದ್ದಂತೂ ಸುಳ್ಳಲ್ಲ," ಎಂದು ಒಂದು ಸಲ ಶಿವುವನ್ನು ಅಡಿಯಿಂದ ಮುಡಿಯವರೆಗೆ ನೋಡಿ ಹೋದ.

ಶಿವು ಹೆಲ್ಮೆಟ್ಟನ್ನು ಕೌಂಟರಿನ ಮೇಲಿಟ್ಟ.

"ಫೋನಾಗೆ ಯಾಕೋ ಸುಳ್ಳು ಹೇಳ್ದೆ?" ಎಂದಳು ಹೇಮಾವತಿ. "ಹೋಗಿದ್ದೆ ಅಂದಿದ್ರೆ ಆಗ್ತಿತ್ತಲ್ಲೋ?"

"ಆ ಕಡೆ ಕಾಲಿಟ್ರೆ ಮುಖ ನೋಡಲ್ಲ ಅಂದಿದ್ದು ನೀನೇ ಅಲ್ವಾ? ಅವ್ವ ಕೇಳ್ಲಿಲ್ಲ. ಹೋದ ವರ್ಷ ಅಪ್ಪನ ಸೂತಕ ಅಂತ ಬಿಟ್ಟಿದ್ದು, ಈ ವರ್ಷವೂ ಬಸ್ರಿ ಭೂಮೀನ ಉಪ್ವಾಸ ಕೆಡವ್ತೀರಾ ಅಂತ ಅತ್ಲು. ಹೋಗಿ ಬಂದೆ." ಅವನು ಅಕ್ಕನ ಕಡೆ ತಿರುಗಿದ. "ನೀನು ಹೋಗಿದ್ಯಾ ಅಂತ ಕೇಳ್ದೆ ಅಕ್ಕ. ಕದ್ಯಾ ಅಂತ ಕೇಳಿದ್ರೆ ಇಲ್ಲ ಅಂತ ಸರಿಯಾಗೇ ಹೇಳ್ತಿದ್ದೆ."

ತಪ್ಪಾಯ್ತು ಎನ್ನಬೇಕೆಂದು ಬಾಯಿ ತೆರೆದರೆ ಅಳು ಬಂತು. ಶಿವು ಸಮಾಧಾನ ಮಾಡಲಿಲ್ಲ. ಪರದೆಯ ಮೇಲೆ ಇನ್ನೂ ನಿಂತಿದ್ದ ಚಿತ್ರ ತೋರಿಸಿ, "ಇದ್ನೊಂದು ಪ್ರಿಂಟ್ ಹಾಕ್ಕೊಡು. ಅವ್ವಂಗೆ ಬೇಕು," ಎಂದ. "ರವೆ ಇದ್ರೆ ಇರ್ಲಿ. ಏನೂ ತೆಗೀಬ್ಯಾಡ."

ಭಾನುವಾರ ಹೇಮಾವತಿ ಪ್ರಿಂಟನ್ನು ತಾನೇ ತೆಗೆದುಕೊಂಡು ನಿಟ್ಟೂರಿನ ಬಸ್ಸು ಹತ್ತಿದಳು. ಕನ್ನಮ್ಮ ಜಗಲಿಯಲ್ಲಿ ಕೂತು ಹುರುಳಿ ಆರಿಸುತ್ತಿದ್ದಳು. ಮಗಳು ಬಂದಳೆಂದು ಮೊರ ಸರಿಸಿ, ಫೋಟೋವನ್ನು ಎರಡೂ ಕೈಯಲ್ಲಿ ಹಿಡಿದು, ಬೆಳಕಿಗೆ ತಿರುಗಿಸಿ, ಮೂಗಿನ ಹತ್ತಿರ ತಂದುಕೊಂಡಳು. ಶಿವು ತೊಟ್ಟಿಯ ಹತ್ತಿರ ಬೈಕು ತೊಳೆಯುತ್ತಿದ್ದವನು ಬಟ್ಟೆ ಹಿಂಡಿ ಬಂದು ಕಂಬಕ್ಕೆ ಒರಗಿ ನಿಂತ. ಅವತ್ತಿನಿಂದ ಅಕ್ಕನ ಜೊತೆ ಅವನು ಮಾತಾಡಿರಲಿಲ್ಲ.

"ಇವ್ನು ಶಿವು. ಇದು ಬುಟ್ಟಿ," ಎಂದಳು ಕನ್ನಮ್ಮ. ಬೆರಳು ಬುಟ್ಟಿಯ ಮೇಲಿನ ಚುಕ್ಕಿಗಳ ಸಾಲಿನ ಮೇಲೆ ನಿಧಾನಕ್ಕೆ ಸರಿಯಿತು. ಬುಟ್ಟಿ ಮುಗಿದರೂ ನಿಲ್ಲದೆ ಶಿವುವಿನ ಭುಜದ ಮೇಲೆ, ಹಳ್ಳದ ನೀರಿನ ಮೇಲೆ, ಮರದ ಮೇಲೆ, ಮೇಲಿನ ಕತ್ತಲ ತುಂಬ ಓಡಾಡಿತು. "ಅಬ್ಬಬ್ಬ! ಇಷ್ಟೊಂದು ಚುಕ್ಕಿ ನಾನೇ ಇಟ್ನೇನೆ? ಕಣ್ಣು ಕಾಣ್ದೆ ಆಕಾಶಕ್ಕೂ ಇಟ್ಟೀನಿ ನೋಡು."

ಅದು ರವೆ ಅವ್ವ ಎನ್ನಹೊರಟಿದ್ದ ಹೇಮಾವತಿ ತಡೆದುಕೊಂಡಳು.

"ಹೂಂ ಅವ್ವ," ಎಂದ ಶಿವು. "ಎಲ್ಲ ನೀನಿಟ್ಟಿದ್ದೇ."

"ಯಾರು ತೆಗ್ದಿದ್ದು ಇದನ್ನ? ನೀನಾ ಹೇಮಾ?"

"ಅಲ್ಲವ್ವ. ನಟರಾಜನ ಕ್ಯಾಮೆರಾದಾಗೆ ಬಿದ್ದಿದ್ದು."

"ಗೌಡ್ರ ಮಗನಾ?" ಕನ್ನಮ್ಮನ ಮುಖ ಅರಳಿತು. "ನೋಡು ಮತ್ತೆ. ಗದ್ದೆ ಮುಚ್ಚಿದ್ರೂ ಚರಗ ಬೀರೋ ಫೋಟೋ ತೆಗ್ಸಿ ಕಳ್ಸಿದ್ದಾನೆ. ಅಪ್ಪನ ಗುಣ ಎಲ್ಲಿ ಹೋಗ್ತದೆ? ನಾನೇ ಅವ್ನ ಮೇಲೆ ಸುಮ್ನೆ ಸಿಟ್ಟು ಮಾಡ್ಕಂಡಿದ್ದೆ. ಬಂದಾಗ ಒಳ್ಳೇದಾಗ್ಲಿ ಅಂತ ಹೇಳು."

ಹೇಮಾವತಿ ತಲೆ ಎತ್ತಿದಳು. ಶಿವು ಅವಳನ್ನೇ ನೋಡುತ್ತಿದ್ದ. ಈ ಫೋಟೋ ಯಾಕೆ ಅಂಗಡಿಗೆ ಬಂತೆಂದು ನೀನು ಹೇಳುತ್ತೀಯೋ, ನಾನು ಹೇಳಲೋ ಎಂಬಂಥ ನೋಟ. ಇಬ್ಬರೂ ಹೇಳಲಿಲ್ಲ. ಅವನು ಬಂದು ಮೆಟ್ಟಿಲ ಮೇಲೆ, ಅಕ್ಕನಿಗಿಂತ ಒಂದು ಮೆಟ್ಟಿಲು ಕೆಳಗೆ ಕೂತು, ಮೊರವನ್ನು ತನ್ನ ಕಡೆ ಎಳೆದುಕೊಂಡು ಹುರುಳಿಯಲ್ಲಿನ ಕಲ್ಲು ಹುಡುಕತೊಡಗಿದ. ಸ್ವಲ್ಪ ಹೊತ್ತಿನ ಮೇಲೆ ಹೇಮಾವತಿಯೂ ಮೊರಕ್ಕೆ ಕೈ ಹಾಕಿದಳು. ಅವನು ಮೊರವನ್ನು ಒಂದಿಷ್ಟು ಅವಳ ಕಡೆ ಸರಿಸಿದ. ಕನ್ನಮ್ಮ ಫೋಟೋವನ್ನು ಮಡಿಲಲ್ಲಿಟ್ಟುಕೊಂಡು ಬೆರಳಿನಿಂದ ಚುಕ್ಕಿಗಳನ್ನು ಒಂದೊಂದಾಗಿ ಮುಟ್ಟುತ್ತಲೇ ಇದ್ದಳು.